ಕ್ಯಾಮೆರಾ ಆಮೇಲೆ, ಮೊದಲು ಹೌಸಿಂಗ್ ನೋಡಿ

ಡೈವಿಂಗ್ ಮಾಡುವಾಗ ಫೋಟೊ ತೆಗೆಯಬೇಕು ಅಂತ ಕ್ಯಾಮೆರಾ ಹುಡುಕುತ್ತಿರುವವರು ದುಡ್ಡು ಕೊಡುವ ಮುಂಚೆ ಇದನ್ನೊಂದು ಸಲ ಓದಿ. ಹೌಸಿಂಗ್ ಅಂದರೆ ನೀರು ತಾಗದಂತೆ ಕ್ಯಾಮೆರಾವನ್ನು ಒಳಗಿಟ್ಟು ಮುಚ್ಚುವ ಗಟ್ಟಿ ಪೆಟ್ಟಿಗೆ. ನನ್ನ ಕ್ಯಾಮೆರಾ ಉಪ್ಪುನೀರು ಕುಡಿದು ಸತ್ತಿದೆ, ಮಾರಿದವನು ಕೈ ತೊಳೆದುಕೊಂಡಿದ್ದಾನೆ. ಅಂಗಡಿ ಹೆಸರು ಹೇಳುವುದಿಲ್ಲ. ಅವನು ಹೇಳಿದ ಮಾತನ್ನೇ ಹೇಳಿ ಮಾರುವವರು ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ಆ ಮಾತನ್ನು ನೆನಪಿಟ್ಟುಕೊಂಡರೆ ಸಾಕು: "ಹಳೇ ಮಾಡೆಲ್‌ನ ಹೌಸಿಂಗೇ ಇದಕ್ಕೂ ಆಗುತ್ತೆ, ಬಾಡಿ ಒಂದೇ."

ಅಂಗಡಿಯಲ್ಲಿ ಆಯ್ತು, ಸುಳ್ಳಲ್ಲ. ಕ್ಯಾಮೆರಾ ಒಳಗೆ ಕೂತಿತು, ಬಾಗಿಲ ಚಿಲಕ ಟಕ್ ಅಂತ ಬಿತ್ತು, ಒತ್ತಿದ ಬಟನ್ ಎಲ್ಲಾ ಕೆಲಸ ಮಾಡಿದವು. ನೀರಿಗೆ ಇಳಿದ ಮೇಲೆ ಆಟ ಶುರು. ಹತ್ತು ಹನ್ನೆರಡು ಮೀಟರ್ ಆಗುತ್ತಿದ್ದಂತೆ ಮೆನು ತಾನಾಗಿಯೇ ತೆರೆದುಕೊಂಡಿತು, ಮುಚ್ಚಿದರೆ ಮತ್ತೆ ತೆರೆಯಿತು, ಎದುರಿಗೆ ಆಮೆ ಆರಾಮಾಗಿ ಹುಲ್ಲು ಮೇಯುತ್ತಿದ್ದರೆ ನಾನು ಭಾಷೆ ಆಯ್ಕೆ ಮಾಡುವ ಪರದೆಯಲ್ಲಿ ಸಿಕ್ಕಿಕೊಂಡಿದ್ದೆ.

ಕಾರಣ ಆಮೇಲೆ ಗೊತ್ತಾಯಿತು. ಹೌಸಿಂಗ್‌ನ ಪ್ರತಿ ಬಟನ್‌ಗೂ ಒಂದು ಕಡ್ಡಿ ಇರುತ್ತೆ, ಅದನ್ನು ಹೊರಗೆ ತಳ್ಳಿ ಹಿಡಿದಿರುವುದು ಒಂದು ಸಣ್ಣ ಸ್ಪ್ರಿಂಗ್. ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿದ್ದುದರ ಎರಡರಷ್ಟು, ಮೂವತ್ತು ಮೀಟರ್‌ಗೆ ನಾಲ್ಕರಷ್ಟು. ಹೌಸಿಂಗ್ ಒಳಗಿನ ಗಾಳಿ ಮಾತ್ರ ಹಾಗೇ ಇರುವುದರಿಂದ ನೀರು ಎಲ್ಲಾ ಕಡ್ಡಿಗಳನ್ನೂ ಒಳಗೆ ತಳ್ಳುತ್ತಾ ಇರುತ್ತೆ. ಹೊಸ ಮಾಡೆಲ್‌ನಲ್ಲಿ ಮೆನು ಬಟನ್ ಹಳೆಯದಕ್ಕಿಂತ ಕೂದಲೆಳೆಯಷ್ಟು ಉಬ್ಬಿತ್ತು. ಅಷ್ಟು ಸಾಕಾಯ್ತು. ಅಂಗಡಿಯ ಮೇಜಿನ ಮೇಲೆ ಇದು ಗೊತ್ತಾಗಲು ಸಾಧ್ಯವೇ ಇಲ್ಲ. ಅದಕ್ಕೇ ಹೇಳುವುದು, ಹೌಸಿಂಗ್ ತಯಾರಿಸಿದವರ ಪಟ್ಟಿಯಲ್ಲಿ ನಿಮ್ಮ ಕ್ಯಾಮೆರಾದ ಪೂರ್ತಿ ಮಾಡೆಲ್ ನಂಬರ್, ಕೊನೆಯ ಅಕ್ಷರದ ತನಕ, ಇಲ್ಲದಿದ್ದರೆ ಅದು ನಿಮ್ಮ ಹೌಸಿಂಗ್ ಅಲ್ಲ.

ಮೆನು ಕಾಟವನ್ನಾದರೂ ಸಹಿಸಬಹುದಿತ್ತು. ಇನ್ನೊಂದು ಡೈವ್‌ನಲ್ಲಿ, ಇಳಿದು ಇನ್ನೂ ಐದು ಮೀಟರ್ ಆಗಿರಲಿಲ್ಲ, ಲೆನ್ಸ್ ಮುಂದಿನ ಪಾರದರ್ಶಕ ಕಿಟಕಿ, ಅಂದರೆ ಪೋರ್ಟ್‌ನ ತಳದಲ್ಲಿ ಒಂದು ನೀರಿನ ಗೆರೆ ಅಲುಗಾಡುತ್ತಾ ಕಾಣಿಸಿತು. (ಇಂಥ ಹೊತ್ತಲ್ಲಿ ಗಾಬರಿಯಾಗಿ ಸರ್ರನೆ ಮೇಲೆ ಬರಬೇಡಿ. ಕ್ಯಾಮೆರಾ ಹೋದರೆ ಹೋಗಲಿ, ಶ್ವಾಸಕೋಶಕ್ಕೆ ಬಿಡಿಭಾಗ ಸಿಗಲ್ಲ.) ಆಳಕ್ಕೆ ಹೋದಷ್ಟೂ ಸೋರುವ ಅಪಾಯ ಜಾಸ್ತಿ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಎಷ್ಟೋ ಸಲ ಉಲ್ಟಾ. ಆಳದಲ್ಲಿ ನೀರೇ ಬಾಗಿಲನ್ನು ಅದರ ಅಂಚಿನ ರಬ್ಬರಿನಂಥ ರಿಂಗ್ (ಓ-ರಿಂಗ್) ಮೇಲೆ ಬಿಗಿಯಾಗಿ ಅದುಮಿ ಹಿಡಿಯುತ್ತೆ, ಮೇಲಿನ ಒಂದೆರಡು ಮೀಟರ್‌ನಲ್ಲಿ ಆ ಸಹಾಯ ಇರಲ್ಲ.

ದಡಕ್ಕೆ ಬಂದು ಬಾಗಿಲಿನ ಓ-ರಿಂಗ್ ತೆಗೆದು ಎರಡು ಬೆರಳ ನಡುವೆ ನಿಧಾನವಾಗಿ ಎಳೆದು ನೋಡಿದೆ. ಒಂದು ಕಡೆ ಉಗುರಿಗೆ ತಗಲುವಂಥ ಸಣ್ಣ ಏಣು, ಅಚ್ಚಿನಲ್ಲಿ ಎರಕ ಹೊಯ್ದಾಗ ಉಳಿದದ್ದು. ರಿಂಗ್ ಕೂರುವ ತೋಡಿನ ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಒಂದು ಚೂರು ಹಾಗೇ ಎದ್ದು ನಿಂತಿತ್ತು. ಒಂದು ಕೂದಲು, ಒಂದು ಮರಳಿನ ಕಾಳು ಸಿಕ್ಕಿಕೊಂಡರೇ ಸೋರುವ ಜಾಗ ಅದು. ಅಂಗಡಿಯವನ ಉತ್ತರ: "ನೀವು ಸರಿಯಾಗಿ ಮುಚ್ಚಿಲ್ಲ." ಕ್ಯಾಮೆರಾ ಕಂಪನಿಯ ಸರ್ವಿಸ್‌ನವರು ಕ್ಯಾಮೆರಾದ ಬಾಗಿಲಲ್ಲಿದ್ದ ಉಪ್ಪಿನ ಕಲೆ ನೋಡಿ ವಾರಂಟಿ ಇಲ್ಲ ಅಂದರು. ಹೌಸಿಂಗ್ ವಾರಂಟಿ ಹೌಸಿಂಗ್‌ಗೆ ಮಾತ್ರ, ಒಳಗಿದ್ದ ಕ್ಯಾಮೆರಾಕ್ಕಲ್ಲ. ಸಾಮಾನ್ಯವಾಗಿ ಎಲ್ಲ ಕಡೆ ಹೀಗೇ. ಒಳಗಿನ ಕ್ಯಾಮೆರಾಕ್ಕೆ ಯಾರು ಹೊಣೆ ಅಂತ ಕೊಳ್ಳುವಾಗಲೇ ಕೇಳಿ, ಬರೆದು ಕೊಡುತ್ತಾರಾ ನೋಡಿ.

ಇನ್ನು ಗ್ರೀಸ್. ಜಾಸ್ತಿ ಬಳಿದರೆ ನೀರು ಬರಲ್ಲ ಅಂತ ಅದೇ ಅಂಗಡಿಯಲ್ಲಿ ಉಪದೇಶವೂ ಆಗಿತ್ತು. ಶುದ್ಧ ಸುಳ್ಳು. ನೀರು ತಡೆಯುವುದು ರಿಂಗ್, ಗ್ರೀಸ್ ಅಲ್ಲ. ರಿಂಗ್ ತಿರುಚದೆ ಜಾರಿ ಕೂರಲಿ ಅಂತ ತೆಳ್ಳಗೆ ಹೊಳಪು ಬರುವಷ್ಟು ಹಚ್ಚಿದರೆ ಸಾಕು, ಮೆತ್ತಿದರೆ ಧೂಳು ದಾರ ಎಲ್ಲಾ ಅಂಟಿಕೊಳ್ಳುತ್ತೆ. ರಿಂಗ್ ಸಿಲಿಕಾನ್‌ದಾಗಿದ್ದರೆ ಸಿಲಿಕಾನ್ ಗ್ರೀಸ್‌ಗೆ ಅದು ಉಬ್ಬುವುದೂ ಇದೆ, ಹಾಗಾಗಿ ಹೌಸಿಂಗ್ ಮಾಡಿದವರು ಹೇಳಿದ ಗ್ರೀಸನ್ನೇ ಹಾಕಿ.

ವ್ಯಾಕ್ಯೂಮ್ ಪಂಪ್ ಹಾಕಬಹುದಾದ ಹೌಸಿಂಗ್ ಸಿಕ್ಕರೆ ಬಿಡಬೇಡಿ. ಒಳಗಿನ ಗಾಳಿಯನ್ನು ಸ್ವಲ್ಪ ಎಳೆದು ಹಾಗೇ ಇಟ್ಟರೆ, ಎಲ್ಲೋ ಸೋರುತ್ತಿದ್ದರೆ ಒಣ ನೆಲದಲ್ಲೇ ಅದರ ಎಚ್ಚರಿಕೆ ದೀಪ ಹೇಳಿಬಿಡುತ್ತೆ. ನೀರು ಬಂದ ಮೇಲೆ ಕೂಗುವ ಅಲಾರಂಗಿಂತ ಇದು ಎಷ್ಟೋ ವಾಸಿ. ಪಂಪ್ ಇಲ್ಲದಿದ್ದರೆ ಮೊದಲ ಸಲ ಕ್ಯಾಮೆರಾ ಇಡದೆ, ಒಳಗೆ ಟಿಶ್ಯೂ ಪೇಪರ್ ಇಟ್ಟು, ಖಾಲಿ ಹೌಸಿಂಗನ್ನೇ ಡೈವ್‌ಗೆ ಒಯ್ಯಿರಿ.

"ವಾಟರ್‌ಪ್ರೂಫ್ ಕ್ಯಾಮೆರಾ ತಗೊಳ್ಳಿ, ಹೌಸಿಂಗೇ ಬೇಡ" ಅನ್ನುವವರ ಮಾತೂ ಅಷ್ಟೇ. ಅಂಥ ಎಷ್ಟೋ ಕ್ಯಾಮೆರಾಗಳ ಮೇಲೆ 15 ಮೀಟರ್ ಅಂತ ಬರೆದಿರುತ್ತೆ. ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದವರು ಹೋಗಬಹುದಾದ ಆಳವೇ 18 ಮೀಟರ್! ಮೊಬೈಲ್‌ನ ಐಪಿ68 (ಧೂಳು, ನೀರು ತಡೆಯುತ್ತೆ ಅನ್ನುವ ಗುರುತು) ಅಂತೂ ಅಲ್ಲಾಡದ ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆ, ಸಮುದ್ರದ ಲೆಕ್ಕಕ್ಕೆ ಅದನ್ನು ತರಲೇಬೇಡಿ.

ಚಿತ್ರದ ವಿಷಯಕ್ಕೆ ಬಂದರೆ, ಮೆಗಾಪಿಕ್ಸೆಲ್ ಕಥೆ ಕೇಳಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ನೀರು ಕೆಂಪು ಬಣ್ಣವನ್ನು ನುಂಗಿಬಿಡುತ್ತೆ, ಎಷ್ಟು ದುಬಾರಿ ಸೆನ್ಸರ್ ಆದರೂ ನೀಲಿ-ಹಸಿರೇ ಗತಿ. ರಾ ಫೈಲ್ (ಆಮೇಲೆ ಬಣ್ಣ ತಿದ್ದಲು ಆಗುವ ಕಚ್ಚಾ ಚಿತ್ರ) ಕೊಡುವ, ನೀರೊಳಗೇ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವಂತೆ ಬಣ್ಣ ಸರಿಮಾಡುವುದು) ಸುಲಭವಾಗಿ ಹೊಂದಿಸಲು ಆಗುವ ಕ್ಯಾಮೆರಾ ಬೇಕು. ಆಮೇಲೆ ಬೆಳಕು. ಲೆನ್ಸ್ ಪಕ್ಕದ ಫ್ಲ್ಯಾಶ್ ಬಳಸಿದರೆ ನೀರಿನಲ್ಲಿರುವ ಕಣವೆಲ್ಲಾ ಹೊಳೆದು ಚಿತ್ರದ ತುಂಬ ಹಿಮ ಬಿದ್ದ ಹಾಗೆ ಕಾಣುತ್ತೆ. ಹೌಸಿಂಗ್‌ಗೆ ಹಾಕಿದ ತೋಳಿನ ಮೇಲೆ ದೂರ ನಿಲ್ಲುವ ಸ್ಟ್ರೋಬ್, ಅಂದರೆ ಬೇರೆ ಫ್ಲ್ಯಾಶ್, ಬೇಕೇ ಬೇಕು, ಅದಕ್ಕೆ ದುಡ್ಡು ಮೊದಲೇ ಎತ್ತಿಡಿ. ಸ್ಟ್ರೋಬ್‌ಗೆ ಫೈಬರ್ ಕೇಬಲ್ (ಕ್ಯಾಮೆರಾ ಫ್ಲ್ಯಾಶ್‌ನ ಬೆಳಕನ್ನು ಸ್ಟ್ರೋಬ್‌ಗೆ ಒಯ್ದು ಅದನ್ನು ಹೊತ್ತಿಸುವ ತಂತಿ) ಹಾಕುವ ಯೋಚನೆ ಇದ್ದರೆ ಕ್ಯಾಮೆರಾದಲ್ಲೇ ಫ್ಲ್ಯಾಶ್ ಇದೆಯಾ ನೋಡಿ. ಎಷ್ಟೋ ಮಿರರ್‌ಲೆಸ್ ಬಾಡಿಗಳಲ್ಲಿ ಅದು ಇರುವುದೇ ಇಲ್ಲ, ಆಗ ಸ್ಟ್ರೋಬ್‌ಗೆ ಬೆಳಕಿನ ಸೂಚನೆ ಕೊಡುವ ಟ್ರಿಗರ್ ಬೇರೆ ಕೊಳ್ಳಬೇಕು.

ಇಷ್ಟೆಲ್ಲಾ ಆಗಿಯೂ ಒಳಗೆ ನೀರು ನುಗ್ಗಿದರೆ "ಬದುಕಿದೆಯಾ ನೋಡೋಣ" ಅಂತ ಕ್ಯಾಮೆರಾ ಆನ್ ಮಾಡಬೇಡಿ. ಉಪ್ಪುನೀರು ಬ್ಯಾಟರಿಗೆ ತಾಗಿದರೆ ಒಳಗೆ ಗ್ಯಾಸ್ ತುಂಬಿಕೊಂಡಿರಬಹುದು, ಬ್ಯಾಟರಿ ಬಿಸಿಯಾಗಿ ಬೆಂಕಿಯೂ ಹತ್ತಬಹುದು. ಹೌಸಿಂಗ್ ಮುಟ್ಟಲಾಗದಷ್ಟು ಬಿಸಿ ಇದ್ದರೆ ಜನರಿಂದ ದೂರ ಇಡಿ. ಇಲ್ಲದಿದ್ದರೆ ಮುಖ ಪಕ್ಕಕ್ಕೆ ಮಾಡಿ ನಿಧಾನವಾಗಿ ಚಿಲಕ ತೆಗೆಯಿರಿ. ಬ್ಯಾಟರಿ ಹೊರಗೆ ತೆಗೆದು ಬೇರೆ ಇಡಿ, ಮತ್ತೆ ಚಾರ್ಜ್ ಮಾಡಲು ಹೋಗಬೇಡಿ. ಮೆಮೊರಿ ಕಾರ್ಡನ್ನು ಮಾತ್ರ ಸಿಹಿನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ನನ್ನದರಲ್ಲಿ ಫೋಟೊ ಎಲ್ಲಾ ಸಿಕ್ಕಿವೆ, ಅರ್ಧಕ್ಕರ್ಧ ಮೆನುವಿನ ಜೊತೆ ಗುದ್ದಾಡುವಾಗ ತಪ್ಪಿ ಬಿದ್ದ ಮರಳಿನ ಚಿತ್ರಗಳೇ.