ರಿವಾರ್ಡ್ ಕಾರ್ಡಿನಲ್ಲಿ ಕೊಂಡ ಮರುಮಾರಾಟದ ಟೈಮ್‌ಶೇರ್: ಆರು ವರ್ಷಗಳ ಲೆಕ್ಕ

ನ್ಯೂಜೆರ್ಸಿಯಲ್ಲಿರುವ ನಾವು 2019ರಲ್ಲಿ ಫ್ಲಾರಿಡಾದ ಡಿಸ್ನಿ ವೆಕೇಶನ್ ಕ್ಲಬ್ಬಿನ 150 ಪಾಯಿಂಟುಗಳನ್ನು ಹಳೆಯ ಸದಸ್ಯರೊಬ್ಬರಿಂದ, ಪಾಯಿಂಟಿಗೆ 95 ಡಾಲರಿನಂತೆ ಒಟ್ಟು 14,250 ಡಾಲರಿಗೆ ಕೊಂಡೆವು. ಟೈಮ್‌ಶೇರ್ ಎಂದರೆ ರಜಾ ವಸತಿಯನ್ನು ಹಲವರು ಹಂಚಿಕೊಂಡು ಬಳಸುವ ಹಕ್ಕು; ಈ ಕ್ಲಬ್ಬಿನಲ್ಲಿ ಅದನ್ನು ಪ್ರತಿ ವರ್ಷ ಕೋಣೆ ಕಾಯ್ದಿರಿಸಲು ಬಳಸುವ ಪಾಯಿಂಟುಗಳಲ್ಲಿ ಅಳೆಯುತ್ತಾರೆ. ನಮ್ಮ ಮೂಲ ರೆಸಾರ್ಟ್ ಸಾರಟೋಗಾ ಸ್ಪ್ರಿಂಗ್ಸ್. ಅಲ್ಲಿನ ಸದಸ್ಯತ್ವದ ಅವಧಿ 2054ರ ಜನವರಿಗೆ ಮುಗಿಯುತ್ತದೆ. ಅಲ್ಲಿ 11 ತಿಂಗಳು ಮೊದಲೇ ಕೋಣೆ ಕಾಯ್ದಿರಿಸಬಹುದು, ಬೇರೆ ರೆಸಾರ್ಟುಗಳಲ್ಲಿ 7 ತಿಂಗಳು ಮೊದಲು. 2019ರ ಜನವರಿ 19ರ ನಂತರ ಮರುಮಾರಾಟದಲ್ಲಿ ಕೊಂಡವರಿಗೆ ರಿವಿಯೆರಾ ರೆಸಾರ್ಟಿನಲ್ಲಿ ಈ ಪಾಯಿಂಟುಗಳು ಸಲ್ಲುವುದಿಲ್ಲವೆಂಬುದು ತಿಳಿದೇ ಒಪ್ಪಿದೆವು. ನಮಗೆ ಬೇಕಾಗಿದ್ದುದು ಅಡುಗೆಮನೆಯಿರುವ ವಸತಿ. ಮೈಸೂರಿನಿಂದ ಬಂದ ಅಮ್ಮ ಅಲ್ಲಿನ ಒಲೆಯ ಮೇಲೆ, ನಾವು ಮನೆಯಿಂದ ಒಯ್ದ ತೊಗರಿಬೇಳೆ ಮತ್ತು ಸಾರಿನ ಪುಡಿಯಲ್ಲಿ ಸಾರು ಮಾಡಿ, ಇಡೀ ದಿನ ಬಿಸಿಲಲ್ಲಿ ಸುತ್ತಿ ಬಂದ ಮಕ್ಕಳಿಗೆ ಬಡಿಸಿದ ಆ ಸಂಜೆಗಾಗಿಯೇ ಈ ಖರೀದಿ ಎಂದರೂ ತಪ್ಪಲ್ಲ. ಆದರೆ ಈ ವಿಮರ್ಶೆ ಮುಖ್ಯವಾಗಿ ಹಣ ಕಟ್ಟಿದ ಬಗೆಯನ್ನು ಕುರಿತದ್ದು.

ವರ್ಷಕ್ಕೆ 95 ಡಾಲರ್ ಶುಲ್ಕದ ಪ್ರವಾಸಿ ಕ್ರೆಡಿಟ್ ಕಾರ್ಡೊಂದು ಮೊದಲ ಮೂರು ತಿಂಗಳಲ್ಲಿ 4,000 ಡಾಲರ್ ಖರ್ಚು ಮಾಡಿದವರಿಗೆ 60,000 ರಿವಾರ್ಡ್ ಪಾಯಿಂಟುಗಳನ್ನು, ಅಂದರೆ ನಗದಿನಲ್ಲಿ 600 ಡಾಲರುಗಳನ್ನು, ಕೊಡುತ್ತಿತ್ತು. ಜೂನ್ 4ರಂದು ಕಾರ್ಡ್ ಮಂಜೂರಾಯಿತು. ಅದೇ ತಿಂಗಳು 160 ಕ್ಲಬ್ ಪಾಯಿಂಟುಗಳ ಒಂದು ಕರಾರಿಗೆ ಶೇಕಡ 10ರಷ್ಟು ಮುಂಗಡವಾಗಿ 1,408 ಡಾಲರುಗಳನ್ನು ಕಾರ್ಡಿನಲ್ಲೇ ಕಟ್ಟಿದೆ. ಇಂಥ ಮಾರಾಟಗಳಲ್ಲಿ ಅದೇ ಬೆಲೆಗೆ ತಾನೇ ಕೊಂಡುಕೊಳ್ಳುವ ಮೊದಲ ಹಕ್ಕು ಕ್ಲಬ್ಬಿಗೆ ಇರುತ್ತದೆ. ಕರಾರಿನಲ್ಲೇ ಬರೆದಿರುವ ಈ ಹಕ್ಕನ್ನು ಕ್ಲಬ್ ನಮ್ಮ ಈ ಮೊದಲ ಕರಾರಿನ ಮೇಲೆ ಚಲಾಯಿಸಿತು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಜುಲೈ ಸ್ಟೇಟ್‌ಮೆಂಟಿನಲ್ಲಿ 1,408 ಡಾಲರ್ ಮರುಪಾವತಿಯಾಗಿ, ಅಷ್ಟಕ್ಕೆ ಬಂದಿದ್ದ ರಿವಾರ್ಡ್ ಪಾಯಿಂಟುಗಳೂ ಕಳೆದುಹೋಗಿ, 4,000 ಡಾಲರಿನ ಲೆಕ್ಕ ಮತ್ತೆ ಹಿಂದಕ್ಕೆ ಸರಿದಿತ್ತು. ಕಾರ್ಡ್ ಬಳಸಿದ್ದಕ್ಕೆ ಕ್ರಯಪತ್ರ ಮಾಡಿಸುವ ಕಂಪನಿ ಹಿಡಿದಿದ್ದ ಶೇಕಡ 3ರ ಶುಲ್ಕ, 42 ಡಾಲರ್ 24 ಸೆಂಟ್, ಮಾತ್ರ ಹಿಂದಿರುಗಲಿಲ್ಲ. ವ್ಯವಹಾರ ಮುರಿದರೂ ಆ ಶುಲ್ಕ ಮರಳುವುದಿಲ್ಲವೆಂದು ಅವರು ಮೊದಲೇ ತಿಳಿಸಬೇಕಿತ್ತು. ಈ ಬೇಸರ ನನಗೆ ಇಂದಿಗೂ ಇದೆ.

ಕೊನೆಗೆ ನಮ್ಮದಾದ 150 ಪಾಯಿಂಟುಗಳ ಎರಡನೆಯ ಕರಾರಿಗೆ ಜುಲೈ ಕೊನೆಯಲ್ಲಿ 1,425 ಡಾಲರ್ ಮುಂಗಡ ಕಟ್ಟಿದೆ. ಕ್ಲಬ್ ತನ್ನ ಮೊದಲ ಹಕ್ಕನ್ನು ಬಿಟ್ಟುಕೊಟ್ಟ ಪತ್ರ ಆಗಸ್ಟ್ 24ರಂದು ಬಂತು. ಉಳಿದ ಹಣದಲ್ಲಿ 2,600 ಡಾಲರುಗಳನ್ನು ಶುಕ್ರವಾರ, ಆಗಸ್ಟ್ 30ರಂದು, ಕಾರ್ಡಿನಲ್ಲಿ ಕೊಟ್ಟೆ. ಲೇಬರ್ ಡೇ ರಜೆ ನಡುವೆ ಬಂದದ್ದರಿಂದ ಅದು ಖಾತೆಗೆ ಏರಿದ್ದು ಸೆಪ್ಟೆಂಬರ್ 3ರಂದು, ಕಾರ್ಡಿನ ಮೂರು ತಿಂಗಳ ಗಡುವಿಗೆ ಒಂದೇ ದಿನ ಉಳಿದಿದ್ದಾಗ.

ಮಿಕ್ಕ ಹತ್ತು ಸಾವಿರಕ್ಕೂ ಹೆಚ್ಚಿನ ಹಣವನ್ನು ಬ್ಯಾಂಕಿನಿಂದ ನೇರವಾಗಿ ವರ್ಗಾಯಿಸಿದೆ. ಖಾತೆಯ ವಿವರ ಇಮೇಲಿನಲ್ಲಿ ಬಂದಿದ್ದರೂ, ಆ ಕಂಪನಿಯ ದೂರವಾಣಿ ಸಂಖ್ಯೆಯನ್ನು ನಾನೇ ಬೇರೆ ಕಡೆ ಹುಡುಕಿ, ಕರೆ ಮಾಡಿ, ಒಂದೊಂದು ಅಂಕಿಯನ್ನೂ ಓದಿಸಿಕೊಂಡೆ. ಇದನ್ನು ಯಾರೂ ಬಿಡಬಾರದು. ಇಡೀ ಮೊತ್ತವನ್ನು ಕಾರ್ಡಿನಲ್ಲೇ ಕಟ್ಟಬಹುದಿತ್ತಲ್ಲ ಎಂದು ಸ್ನೇಹಿತರು ಕೇಳುತ್ತಾರೆ. ಟೈಮ್‌ಶೇರ್ ಖರ್ಚನ್ನು ಪ್ರವಾಸವೆಂದು ಎಣಿಸಿ ಎರಡು ಪಟ್ಟು ಪಾಯಿಂಟ್ ಕೊಡುವ ಕಾರ್ಡುಗಳಿವೆ, ನಿಜ. ಆದರೆ ಮರುಮಾರಾಟದಲ್ಲಿ ಹಣ ಪಡೆಯುವುದು ರೆಸಾರ್ಟ್ ಅಲ್ಲ, ಕ್ರಯಪತ್ರ ಮಾಡಿಸುವ ಕಂಪನಿ. ಆದ್ದರಿಂದ ನಮ್ಮ ಕಾರ್ಡ್ ಅದನ್ನು ಪ್ರವಾಸವೆಂದು ಗುರುತಿಸದೆ ಡಾಲರಿಗೆ ಒಂದೇ ಪಾಯಿಂಟ್ ಕೊಟ್ಟಿತು. ಒಂದು ಸೆಂಟಿನ ಲಾಭಕ್ಕೆ ಮೂರು ಸೆಂಟು ಶುಲ್ಕ ತೆರುವುದರಲ್ಲಿ ಅರ್ಥವಿರಲಿಲ್ಲ. ಎರಡು ಕರಾರುಗಳ ಶುಲ್ಕ ಸೇರಿ ಸುಮಾರು 163 ಡಾಲರ್, ಮೊದಲ ವರ್ಷದ ಕಾರ್ಡ್ ಶುಲ್ಕ 95; ಸ್ವಾಗತದ ಪಾಯಿಂಟುಗಳಿಂದ ಇವೆರಡನ್ನು ಕಳೆದರೆ ಕೈಗೆ ಉಳಿದದ್ದು ಸುಮಾರು 342 ಡಾಲರ್. ಅದೂ ಬಿಲ್ಲನ್ನು ಪೂರ್ತಿ ತೀರಿಸಿದ್ದರಿಂದ. ಬಾಕಿ ಉಳಿಸಿಕೊಂಡಿದ್ದರೆ ಕೆಲವೇ ತಿಂಗಳ ಬಡ್ಡಿ ಅಷ್ಟನ್ನೂ ನುಂಗುತ್ತಿತ್ತು.

ಪರಿಚಯವಿಲ್ಲದವರಿಗೆ ಮುಂಗಡ ಕೊಡುವಾಗ, ಮೋಸವಾದರೆ ಬ್ಯಾಂಕಿಗೆ ತಕರಾರು ಸಲ್ಲಿಸಬಹುದೆಂದು ಕಾರ್ಡ್ ಕೊಟ್ಟ ಧೈರ್ಯವನ್ನು ನಾನು ಈ 342 ಡಾಲರಿಗಿಂತ ಹೆಚ್ಚೆಂದು ಭಾವಿಸುತ್ತೇನೆ. ಅದಕ್ಕೂ ಮಿತಿಯಿದೆ. ಅಮೆರಿಕದ ಕಾನೂನಿನ ಪ್ರಕಾರ, ತಪ್ಪು ಕಂಡ ಮೊದಲ ಬಿಲ್ ಕಳುಹಿಸಿದ 60 ದಿನಗಳೊಳಗೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು. ನಮ್ಮ ಕ್ರಯಪತ್ರ ನೋಂದಣಿಯಾಗಲು ಮುಂಗಡ ಕಟ್ಟಿದ ದಿನದಿಂದ ಎರಡು ತಿಂಗಳು ಮೀರಿತ್ತು. ಇನ್ನೂ ನಿಧಾನವಾದ ವ್ಯವಹಾರದಲ್ಲಿ ಆ ಅವಧಿ ದಾಟಿಯೇ ಹೋಗಬಹುದು. ಹೀಗಾಗಿ ರೆಸಾರ್ಟ್ ಇರುವ ಆರೆಂಜ್ ಕೌಂಟಿಯ ಸಾರ್ವಜನಿಕ ದಾಖಲೆಯಲ್ಲಿ ನಮ್ಮ ಹೆಸರು ಕಾಣುವವರೆಗೆ ನಾನು ವಾರಕ್ಕೆರಡು ಬಾರಿ ಹುಡುಕಿ ನೋಡುತ್ತಿದ್ದೆ.

ಈಗ ಆ ಕಾರ್ಡಿನ ನಿಜವಾದ ಉಪಯೋಗ ಪ್ರತಿ ಜನವರಿಯ ನಿರ್ವಹಣಾ ಶುಲ್ಕಕ್ಕೆ. ಮೊದಲ ವರ್ಷ ಸಾವಿರ ಡಾಲರಿನ ಆಸುಪಾಸಿನಲ್ಲಿದ್ದ ಅದು ಏರುತ್ತಲೇ ಇದೆ. ನಮ್ಮ ಖಾತೆಯಲ್ಲಿ ಅದು ಪ್ರವಾಸದ ಖರ್ಚಾಗಿಯೇ ದಾಖಲಾಗಿ ಎರಡು ಪಟ್ಟು ಪಾಯಿಂಟ್ ತರುತ್ತದೆ, ಸಿಗುವುದು ಇಪ್ಪತ್ತು ಇಪ್ಪತ್ತೈದು ಡಾಲರ್ ಅಷ್ಟೆ. ಕೊಳ್ಳುವ ಬೆಲೆಗಿಂತ ಈ ಶುಲ್ಕವನ್ನೇ 2054ರವರೆಗೆ ಲೆಕ್ಕ ಹಾಕಿ ನೋಡಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಮಕ್ಕಳು ದೊಡ್ಡವರಾದದ್ದರಿಂದ ಇನ್ನೊಂದು 50 ಪಾಯಿಂಟುಗಳ ಕರಾರನ್ನು ಹುಡುಕುತ್ತಿದ್ದೇವೆ. ಈ ಸಲ ಮುಂಗಡವನ್ನು ಹಳೆಯ ಕಾರ್ಡಿನಲ್ಲಿ ಕಟ್ಟಿ, ಕ್ಲಬ್ ತನ್ನ ಹಕ್ಕನ್ನು ಬಿಟ್ಟುಕೊಟ್ಟ ಪತ್ರ ಕೈಸೇರಿದ ಮೇಲೆಯೇ ಹೊಸ ಕಾರ್ಡಿಗೆ ಅರ್ಜಿ ಹಾಕುತ್ತೇನೆ.