ಬತ್ತಿ, ಬ್ಯಾಟ್, ಮೆಶ್, ಮುಚ್ಚಳ: ಯಾವ ಸೊಳ್ಳೆಗೆ ಯಾವುದು?

ಅಂಗಡಿಗೆ ಹೋಗಿ ಸೊಳ್ಳೆಗೆ ಏನಾದರೂ ಕೊಡಿ ಅಂದರೆ ಬರುವ ಪ್ರಶ್ನೆ ಒಂದೇ: "ಬತ್ತಿನಾ, ಲಿಕ್ವಿಡ್ಡಾ ಮೇಡಂ?" ಯಾವ ಸೊಳ್ಳೆಗೆ ಅಂತ ಯಾರೂ ಕೇಳುವುದಿಲ್ಲ. ಹೋಲಿಕೆ ಶುರುವಾಗಬೇಕಾದ್ದು ಅಲ್ಲಿಂದಲೇ. ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲು. ಅದರಲ್ಲೂ ಬೆಳಗ್ಗೆ ಬಿಸಿಲೇರುವ ಮುಂಚೆ, ಸಂಜೆ ಕತ್ತಲಾಗುವ ಮುಂಚೆ ಜಾಸ್ತಿ. ಮಲೇರಿಯಾದ ಅನಾಫಿಲಿಸ್ ರಾತ್ರಿಯದು. ಚರಂಡಿ ನೀರಲ್ಲಿ ಹುಟ್ಟಿ ಕಿವಿ ಹತ್ತಿರ ಗುಂಯ್ ಅನ್ನುವ ಕ್ಯೂಲೆಕ್ಸ್ ಕೂಡ ರಾತ್ರಿಯದೇ. ಬೆಂಗಳೂರಿನಲ್ಲಿ ನಿದ್ದೆ ಕೆಡಿಸುವುದು ಹೆಚ್ಚಾಗಿ ಇದು, ಹಾಗಾಗಿ ನಮ್ಮ ದುಡ್ಡೆಲ್ಲ ಇದರ ಮೇಲೇ ಖರ್ಚಾಗುತ್ತದೆ. ಡೆಂಗಿ ಸೊಳ್ಳೆ ಸದ್ದು ಮಾಡದೆ ಮೇಜಿನ ಕೆಳಗೆ ಕಾಲು ಕಚ್ಚಿ ಹೋಗಿರುತ್ತದೆ.

ನಮ್ಮದು ಬೆಂಗಳೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಆದ್ದರಿಂದ ಡ್ರಮ್ಮು ಇಲ್ಲದೆ ಸಂಸಾರ ಇಲ್ಲ. ಅಕ್ಕನದು ಸುಳ್ಯದ ಕಡೆ ಅಡಿಕೆ ತೋಟದ ಮನೆ. ಈ ಎರಡು ಮನೆಗಳಲ್ಲಿ ಬಳಸಿ ನೋಡಿದ್ದನ್ನು ಬರೆಯುತ್ತಿದ್ದೇನೆ.

ಸೊಳ್ಳೆ ಬತ್ತಿ ಎಲ್ಲಕ್ಕಿಂತ ಅಗ್ಗ. ಕರೆಂಟ್ ಬೇಡ, ವರಾಂಡದಲ್ಲೂ ನಡೆಯುತ್ತದೆ. ಆದರೆ ಮುಚ್ಚಿದ ಕೋಣೆಯಲ್ಲಿ ಹಚ್ಚಬಾರದು. ಒಂದು ಬತ್ತಿ ಪೂರ್ತಿ ಉರಿದರೆ ಅದರಿಂದ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಸಂತೆಯಲ್ಲಿ ಸಿಗುವ 'ಗಿಡಮೂಲಿಕೆ' ಸೊಳ್ಳೆ ಅಗರಬತ್ತಿ ಅದಕ್ಕಿಂತ ಕಷ್ಟ. ಪ್ಯಾಕೆಟ್ ಮೇಲೆ ಕೀಟನಾಶಕದ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಒಳಗೆ ಏನು ಬೆರೆಸಿದ್ದಾರೆ ಅಂತ ಹೇಳುವವರು ಯಾರೂ ಇಲ್ಲ.

ಲಿಕ್ವಿಡ್ ಇದಕ್ಕಿಂತ ವಾಸಿ, ಹೊಗೆ ಇಲ್ಲ. ಕಿಟಕಿ ತೆಗೆದು ಫ್ಯಾನ್ ಜೋರಾಗಿ ಹಾಕಿದರೆ ಮಾತ್ರ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಎಲ್ಲ ಮುಚ್ಚಿದರೆ ನಮಗೇ ಉಸಿರು ಕಟ್ಟುತ್ತದೆ. ಇನ್ನೊಂದು ಗಮ್ಮತ್ತು ನೋಡಿ: ಎಲ್ಲರ ಮನೆಯಲ್ಲೂ ಇದರ ಸ್ವಿಚ್ ಬೀಳುವುದು ಸಂಜೆ ದೀಪ ಹಚ್ಚಿದ ಮೇಲೆ. ಈಡಿಸ್ ಅಷ್ಟು ಹೊತ್ತಿಗೆ ತನ್ನ ಊಟ ಮುಗಿಸಿರುತ್ತದೆ!

ಬ್ಯಾಟ್ ಬಗ್ಗೆ ಏನು ಹೇಳೋದು, ಚಟಪಟ ಸದ್ದಿಗೆ ಮನಸ್ಸಿಗೆ ಸಮಾಧಾನ. ಕಣ್ಣಿಗೆ ಬಿದ್ದದ್ದು ಸಾಯುತ್ತದೆ, ಮಂಚದ ಕೆಳಗಿದ್ದದ್ದು ಉಳಿಯುತ್ತದೆ. ಕಿವಿಗೆ ಕೇಳಿಸದ ಸದ್ದಿನಿಂದ ಸೊಳ್ಳೆ ಓಡಿಸುವ ಪ್ಲಗ್ ಅಂತೂ ಸುಮ್ನೆ ದಂಡ. ಆ ಸದ್ದಿಗೆ ಸೊಳ್ಳೆ ಕಚ್ಚುವುದು ಕಡಿಮೆಯಾಗುವುದಿಲ್ಲ ಅಂತ ಸಂಶೋಧನೆಗಳೇ ಹೇಳಿವೆ. ನೀಲಿ ದೀಪದ ಯಂತ್ರದಲ್ಲಿ ಬೆಳಗ್ಗೆ ನೋಡಿದರೆ ಬಿದ್ದಿರುವುದು ಹೆಚ್ಚಿನದು ದೀಪದ ಹುಳ, ಪಾಪ.

ಮೈಗೆ ಹಚ್ಚುವ ಕ್ರೀಮು ಈ ಸಾಲಿನಲ್ಲಿ ಬೇರೆ ಜಾತಿ. ಹಗಲಿನ ಸೊಳ್ಳೆಗೆ ಅಂಗಡಿಯಲ್ಲಿ ಸಿಗುವುದರಲ್ಲಿ ನನ್ನ ಮತ ಇದಕ್ಕೆ. ಮಕ್ಕಳು ಬೆಳಗ್ಗೆ ಶಾಲೆಗೆ ಹೊರಡುವಾಗ ಕಾಲಿಗೆ, ಮೊಣಕೈಗೆ ಹಚ್ಚಿ ಕಳಿಸಬಹುದು. ಬೆವರಿಗೆ ಇಳಿದು ಹೋಗುತ್ತದೆ, ಮತ್ತೆ ಹಚ್ಚಬೇಕು, ಅದೇ ರಗಳೆ. ಬೇವಿನೆಣ್ಣೆ, ನೀಲಗಿರಿ ಎಣ್ಣೆ ಮನೆಯಲ್ಲೇ ಬೆರೆಸಿ ಹಚ್ಚಿದ್ದೂ ಆಯಿತು. ವಾಸನೆ ಇರುವಷ್ಟು ಹೊತ್ತು ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ನಂಬಬೇಡಿ.

ಮಂಚಕ್ಕೆ ಕಟ್ಟುವ ಸೊಳ್ಳೆ ಪರದೆ ರಾತ್ರಿಯ ಸೊಳ್ಳೆಗೆ ರಾಜ. ಆದರೆ ಅದರ ಇನ್ನೊಂದು ಉಪಯೋಗ ನಮ್ಮಲ್ಲಿ ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಡೆಂಗಿ ಬಂದರೆ ಜ್ವರದ ಮೊದಲ ನಾಲ್ಕೈದು ದಿನ ಅವರ ರಕ್ತದಲ್ಲಿ ವೈರಾಣು ತುಂಬಿರುತ್ತದೆ. ಆಗ ಕಚ್ಚಿದ ಸೊಳ್ಳೆ ಮುಂದೆ ಇಡೀ ಮನೆಗೆ, ಪಕ್ಕದ ಮನೆಗೆ ಹಂಚುತ್ತದೆ. ಹಾಗಾಗಿ ಜ್ವರ ಬಂದವರನ್ನು ಹಗಲೂ ಪರದೆಯೊಳಗೇ ಮಲಗಿಸಬೇಕು.

ಕಿಟಕಿಗೆ ಮೆಶ್ ಹಾಕಿಸಿದ್ದು ನಮ್ಮ ದೊಡ್ಡ ಖರ್ಚು, ಲಾಭವೂ ಅದರದ್ದೇ. ಬಾಡಿಗೆ ಮನೆ ಅಂತ ವೆಲ್ಕ್ರೋದ್ದು ಹಾಕಿಸಿದೆವು. ಪಶ್ಚಿಮದ ಬಿಸಿಲಿಗೆ ಅದರ ಅಂಟು ಮೂಲೆಯಿಂದ ಎದ್ದು ಬರುತ್ತದೆ. ಸ್ವಂತ ಮನೆಯವರು ಅಲ್ಯೂಮಿನಿಯಂ ಚೌಕಟ್ಟಿನದು ಹಾಕಿಸಿಕೊಳ್ಳಿ. ಹಾಕುವವರು ಬಚ್ಚಲಿನ ವೆಂಟಿಲೇಟರ್ ಬಿಟ್ಟು ಹೋಗುತ್ತಾರೆ, ನಿಂತು ಹೇಳಿ ಮಾಡಿಸಬೇಕು.

ಫಾಗಿಂಗ್ ಗಾಡಿ ಬಂದರೆ ಬೀದಿಯಲ್ಲಿ ಹಬ್ಬ. ಹುಡುಗರು ಹಿಂದೆ ಓಡುತ್ತಾರೆ, ದೊಡ್ಡವರು ಹೊಗೆ ಬರುತ್ತದೆ ಅಂತ ಕಿಟಕಿ ಮುಚ್ಚುತ್ತಾರೆ. ಈಡಿಸ್ ಕೂತಿರುವುದು ಮನೆಯೊಳಗೆ, ಮಂಚದಡಿ, ನೇತುಹಾಕಿದ ಬಟ್ಟೆ ಹಿಂದೆ. ಹೊರಗೆ ಹಾರಾಡುತ್ತಿದ್ದ ಒಂದಷ್ಟು ಸಾಯುತ್ತವೆ. ನೀರಲ್ಲಿದ್ದ ಮರಿಗೆ ಏನೂ ಆಗುವುದಿಲ್ಲ. "ತೋಟ ಇಡೀ ಹೊಗೆ ಹಾಕ್ಲಿಕ್ಕೆ ಆಗ್ತದಾ ಮಾರಾಯ್ತಿ?" ಅಂತ ಅಕ್ಕ ಕೇಳಿದ್ದು ಸರಿಯಾಗಿಯೇ ಇದೆ.

ಇಷ್ಟೂ ಹಾರುವ ಸೊಳ್ಳೆಯ ಮಾತಾಯಿತು. ನೀರಿನದ್ದೇ ಬೇರೆ ಕತೆ. ನಮ್ಮ ಡ್ರಮ್ಮಿನ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿದರೆ, ನೆರಳು ಬಿದ್ದ ತಕ್ಷಣ ಮೇಲಿದ್ದ ಮರಿಗಳೆಲ್ಲ ನುಲಿಯುತ್ತಾ ತಳಕ್ಕೆ ಇಳಿಯುತ್ತವೆ. ಸ್ವಲ್ಪ ಹೊತ್ತು ಅಲ್ಲಾಡದೆ ನಿಂತರೆ ಉಸಿರಾಡಲು ಒಂದೊಂದೇ ಮೇಲೆ ಬಂದು ನೇತಾಡುತ್ತವೆ. ಗೋಡೆಯ ಮೇಲೆ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಮಸಿ ಚುಕ್ಕಿ ಇಟ್ಟ ಹಾಗೆ ಮೊಟ್ಟೆ. ಇವು ಒಣಗಿದರೂ ತಿಂಗಳುಗಟ್ಟಲೆ ಕಾಯುತ್ತವೆ, ನೀರು ಸೋಕಿದರೆ ಒಡೆಯುತ್ತವೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಷ್ ಹಾಕಿ ತಿಕ್ಕಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ತಿಕ್ಕಿ ಅಂತ ಆಶಾ ಕಾರ್ಯಕರ್ತೆಯರು ಹೇಳುವುದು ಈ ಲೆಕ್ಕಕ್ಕೆ. ಮುಚ್ಚಳ ಸರಿಯಾಗಿ ಕೂರದ ಡ್ರಮ್ಮಿಗೆ ಹಳೇ ಪಂಚೆ ಹೊದಿಸಿ, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದಿದ್ದೇವೆ. ಬಟ್ಟೆ ಜೋಲಿ ಬಿದ್ದು ನೀರಿಗೆ ತಾಗಬಾರದು. ಖರ್ಚು ಸೊನ್ನೆ. ಫ್ರಿಜ್ಜಿನ ಹಿಂದಿನ ತಟ್ಟೆ, ಮನಿ ಪ್ಲಾಂಟ್ ಬಾಟಲಿಗೂ ಇದೇ ದಿನ ಕೈ ಹಾಕಿ.

ಅಕ್ಕನ ಮನೆಯಲ್ಲಿ ಇದು ಇಷ್ಟು ಸುಲಭ ಅಲ್ಲ. ಮಳೆಗಾಲದಲ್ಲಿ ಬಿದ್ದ ಪ್ರತಿ ಅಡಿಕೆ ಹಾಳೆಯೂ ಒಂದು ತೊಟ್ಟಿ. ತೆಂಗಿನ ಗೆರಟೆ, ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರದಲ್ಲಿ ಹಾಲು ಹಿಡಿಯುವ ಕಪ್ಪು, ಎಲ್ಲದರಲ್ಲೂ ನೀರು. ಕಪ್ಪುಗಳನ್ನು ಮರದಲ್ಲೇ ಬೋರಲು ಹಾಕುವುದು, ಹಾಳೆ ಹೆಕ್ಕಿ ಮಾಡಿನಡಿಗೆ ತರುವುದು ಅವರ ಕ್ರಮ. ಖಾಲಿ ಮಾಡಲಾಗದ ಸಿಮೆಂಟ್ ತೊಟ್ಟಿಗೆ ಗಪ್ಪಿ ಮೀನು ಬಿಟ್ಟಿದ್ದಾರೆ, ಅದು ಚೆನ್ನಾಗಿ ತಿನ್ನುತ್ತದೆ. ಆದರೆ ಮೀನು ತೊಟ್ಟಿಯಲ್ಲೇ ಇರಲಿ, ಕೆರೆ ತೋಡಿಗೆ ಬಿಡಬೇಡಿ. ಸೊಳ್ಳೆಗೆಂದು 1928ರಲ್ಲಿ ನಮ್ಮ ದೇಶಕ್ಕೆ ತಂದ ಗಾಂಬೂಸಿಯಾ ಅನ್ನುವ ಮೀನು ಇಲ್ಲಿನ ಮೀನುಗಳ ಮರಿಗೇ ಬಾಯಿ ಹಾಕಿತು.

ಮಂಗಳೂರು ಪೇಟೆಯವರಿಗೆ ಇನ್ನೊಂದು ಮಾತು. ಅಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಓವರ್‌ಹೆಡ್ ಟ್ಯಾಂಕಿನಲ್ಲಿ, ಕಟ್ಟಡ ಕೆಲಸದಲ್ಲಿ ನಿಂತ ನೀರಿನಲ್ಲಿ ಹುಟ್ಟುತ್ತದೆ. ಅಲ್ಲಿ ಪರದೆ ಮತ್ತು ಟ್ಯಾಂಕಿನ ಮುಚ್ಚಳ ಎರಡೂ ಬೇಕು. 2024ರಲ್ಲಿ ಸರ್ಕಾರ ಸೊಳ್ಳೆ ಹುಟ್ಟುವ ನೀರು ಬಿಟ್ಟವರಿಗೆ ದಂಡ ತಂದಿತು: ನಗರದ ಮನೆಗೆ 400 ರೂಪಾಯಿ, ಹಳ್ಳಿಯಲ್ಲಿ 200, ನಗರದ ಕಟ್ಟಡ ಕೆಲಸದ ಜಾಗಕ್ಕೆ 2,000. ಪಕ್ಕದ ಸೈಟಿನಲ್ಲಿ ಕ್ಯೂರಿಂಗ್ ನೀರು ವಾರಗಟ್ಟಲೆ ನಿಂತಿದ್ದರೆ ಮೇಸ್ತ್ರಿಗೆ ಈ ಮೊತ್ತ ಹೇಳಿ ನೋಡಿ.

ದುಡ್ಡು ಕಡಿಮೆ ಇದ್ದರೆ ನನ್ನ ಕ್ರಮ ಹೀಗೆ: ಮೊದಲು ಡ್ರಮ್ಮಿನ ಪಂಚೆ ಮತ್ತು ಬ್ರಷ್, ಆಮೇಲೆ ಒಂದು ಪರದೆ, ಹಗಲಿಗೆ ಕ್ರೀಮು. ಬೋನಸ್ ಬಂದ ತಿಂಗಳು ಮೆಶ್. ಲಿಕ್ವಿಡ್ ನಮ್ಮಲ್ಲೂ ಇದೆ, ರಾತ್ರಿ ನಿದ್ದೆ ಬೇಕಲ್ಲ. ಡೆಂಗಿ ತಡೆಯುತ್ತದೆ ಅಂತ ಅದನ್ನು ನಂಬಿಲ್ಲ, ಅಷ್ಟೇ.