ಬೀಜದಿಂದ ನೆಲದ ಆರ್ಕಿಡ್: ಒಂದೇ ತಾಯಿಗಿಡ, ಮೂರು ವಿಧಾನ

ಇಂಗ್ಲೆಂಡಿನ ಚಳಿಗಾಲವನ್ನು ಮಣ್ಣಿನೊಳಗಿನ ಗೆಡ್ಡೆಯಾಗಿ ಕಳೆದು ವಸಂತದಲ್ಲಿ ಮತ್ತೆ ಚಿಗುರುವ ಆರ್ಕಿಡ್‌ಗಳಲ್ಲಿ ಮನೆತೋಟಕ್ಕೆ ಚೆನ್ನಾಗಿ ಒಗ್ಗುವುದು ಡಾಕ್ಟಿಲೊರೈಜಾ ಫುಕ್ಸಿಯೈ. ಎಲೆಗಳ ಮೇಲೆ ಅಡ್ಡಡ್ಡವಾಗಿ ಹರಡಿದ ಕಪ್ಪು ಚುಕ್ಕೆಗಳು ಮತ್ತು ಜೂನ್, ಜುಲೈ ತಿಂಗಳಲ್ಲಿ ಅರಳುವ ತಿಳಿಗುಲಾಬಿ ಹೂತೆನೆ ಇದರ ಗುರುತು. ಇದನ್ನು ಬೀಜದಿಂದ ಬೆಳೆಸುವವರ ಮುಂದೆ ಮೂರು ದಾರಿಗಳಿವೆ: ಸಕ್ಕರೆ ಬೆರೆತ ಪೋಷಕ ಅಗರ್ (ಕಡಲಕಳೆಯಿಂದ ಮಾಡುವ ಜೆಲ್ಲಿಯಂಥ ಮಾಧ್ಯಮ) ಮೇಲೆ ಶಿಲೀಂಧ್ರವಿಲ್ಲದೆ ಬಿತ್ತುವುದು, ಓಟ್ಸ್ ಅಗರ್ ಮೇಲೆ ಶಿಲೀಂಧ್ರದ ಜೊತೆ ಬಿತ್ತುವುದು, ತಾಯಿಗಿಡದ ಬುಡದಲ್ಲಿ ನೇರವಾಗಿ ಉದುರಿಸುವುದು. ಇಲ್ಲಿನ ನಮ್ಮ ಮನೆಯ ಹಿತ್ತಲಿನಲ್ಲಿ ಒಂದೇ ತಾಯಿಗಿಡದ ಬೀಜವನ್ನು ಮೂರಕ್ಕೂ ಹಂಚಿ, ಹಲವು ವರ್ಷ ಗಮನಿಸಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಎಷ್ಟು ಬೀಜ ಮೊಳೆಯಿತು ಎಂಬುದರಿಂದ ವಿಧಾನದ ಬೆಲೆ ಕಟ್ಟಬಾರದು, ತೋಟದ ಮಣ್ಣಿನಲ್ಲಿ ಎರಡನೆಯ ಚಳಿಗಾಲವನ್ನು ದಾಟಿ ಎಷ್ಟು ಗಿಡ ಮೇಲೆದ್ದವು ಎಂಬುದರಿಂದ ಕಟ್ಟಬೇಕು.

ಈ ಕಷ್ಟದ ಮೂಲ ಬೀಜದಲ್ಲಿಯೇ ಇದೆ. ಒಂದು ಕಾಯಿಯಲ್ಲಿ ಸಾವಿರಾರು ಬೀಜಗಳಿರುತ್ತವೆ, ಆದರೆ ಅವು ಧೂಳಿನಷ್ಟು ಹಗುರ. ಭೂತಗನ್ನಡಿಯಲ್ಲಿ ನೋಡಿದರೆ ಬಲೆಯಂತಹ ಪಾರದರ್ಶಕ ಹೊದಿಕೆಯೂ ಅದರ ನಡುವೆ ಒಂದು ಗಾಢ ಬಿಂದುವೂ ಕಾಣುತ್ತವೆ. ಆ ಬಿಂದುವೇ ಭ್ರೂಣ, ಅದಿಲ್ಲದ ಬೀಜ ಬರೀ ಹೊಟ್ಟು. ಭತ್ತ, ರಾಗಿಯಲ್ಲಿರುವಂತೆ ಮೊಳಕೆಗೆ ಕೂಡಿಟ್ಟ ಆಹಾರ ಇದರಲ್ಲಿ ಇಲ್ಲದಿರುವುದರಿಂದ, ಮಣ್ಣಿನ ಒಂದು ಶಿಲೀಂಧ್ರ ಒಳಹೊಕ್ಕು ಉಣಿಸಿದರೆ ಮಾತ್ರ ಭ್ರೂಣ ಬೆಳೆಯುತ್ತದೆ. ಇದನ್ನು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಗುರುತಿಸಿದರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರದ ನೆರವಿಲ್ಲದೆಯೂ ಆರ್ಕಿಡ್ ಬೀಜ ಮೊಳೆಯುತ್ತದೆ ಎಂದು ತೋರಿಸಿದರು. ಅಗರ್ ಮೇಲಿನ ಎರಡು ದಾರಿಗಳು ಕವಲೊಡೆದದ್ದು ಅಲ್ಲಿಂದ.

ಮೊದಲನೆಯದಾದ ಸಕ್ಕರೆ ಅಗರ್ ದಾರಿಯ ಬಲವೆಂದರೆ ಶಿಲೀಂಧ್ರವನ್ನು ಹುಡುಕುವ ಕೆಲಸವಿಲ್ಲ. ಉಷ್ಣವಲಯದ ಆರ್ಕಿಡ್‌ಗಳಿಗೆಂದು ಮಾರುವ ಪುಡಿ ಇದಕ್ಕೆ ಆಗಿಬರುವುದಿಲ್ಲ, ಏಕೆಂದರೆ ಯೂರೋಪಿನ ಅನೇಕ ನೆಲದ ಆರ್ಕಿಡ್‌ಗಳ ಎಳೆಯ ಮೊಳಕೆಗೆ ನೈಟ್ರೇಟ್ ಲವಣಗಳು ಒಗ್ಗುವುದಿಲ್ಲ. ಸಾರಜನಕವನ್ನು ಅಮೈನೊ ಆಮ್ಲಗಳ ರೂಪದಲ್ಲಿ ಕೊಡಬೇಕು. ಸ್ವೀಡನ್ನಿನ ಸ್ವಾಂಟೆ ಮಾಲ್ಮ್‌ಗ್ರೆನ್ ಅವರು ಅಮೈನೊ ಆಮ್ಲಗಳಿಗೆ ಅನಾನಸ್ ರಸ ಸೇರಿಸಿ ರೂಪಿಸಿದ ಮಾಧ್ಯಮ ಈ ಕಾರಣಕ್ಕೇ ಹೆಸರಾಯಿತು. ಆದರೆ ಸಕ್ಕರೆ ಇರುವಲ್ಲಿ ಬೂಷ್ಟು ತಪ್ಪಿದ್ದಲ್ಲ. ಬಾಟಲಿಗಳನ್ನು ಪ್ರೆಷರ್ ಕುಕ್ಕರ್‌ನಲ್ಲಿ 121 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ಗಾಳಿಯಾಡದ ಪೆಟ್ಟಿಗೆಯೊಳಗೆ ಕೈಯಿಟ್ಟು ಬಿತ್ತಿದರೂ ಕೆಲವು ಬಾಟಲಿಗಳಲ್ಲಿ ಹಸಿರು ಬೂಷ್ಟು ಬಂದೇ ಬರುತ್ತದೆ. ಬೂಷ್ಟಿನಿಂದ ಪಾರಾದ ಬಾಟಲಿಗಳಲ್ಲಿ ಮೊಳಕೆ ಹೇರಳ. ಕೊರತೆ ಕಾಣುವುದು ಅನಂತರ: ಸಕ್ಕರೆ ಉಂಡು ಬೆಳೆದ ಸಸಿಯನ್ನು ಕುಂಡಕ್ಕೆ ನೆಟ್ಟಾಗ ಅದರ ಬೇರಿನಲ್ಲಿ ಸಂಗಾತಿ ಶಿಲೀಂಧ್ರವಿರುವುದಿಲ್ಲ, ಮತ್ತು ಅದು ಮಣ್ಣಿನಲ್ಲಿ ಸಿಕ್ಕುವ ಮೊದಲೇ ನನ್ನ ಬಹುಪಾಲು ಸಸಿಗಳು ಬೇಸಿಗೆಯ ಒಳಗೆ ಸೊರಗಿದವು.

ನಾನು ನೆಚ್ಚಿಕೊಂಡಿರುವುದು ಎರಡನೆಯ ದಾರಿಯನ್ನು. ಮಾಧ್ಯಮ ಅತ್ಯಂತ ಸರಳ: ಒಂದು ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ನುಣ್ಣಗೆ ಪುಡಿ ಮಾಡಿದ ಓಟ್ಸ್ ಮತ್ತು ಗಟ್ಟಿಯಾಗುವಷ್ಟು ಅಗರ್. ಓಟ್ಸ್ ಹೆಚ್ಚಾದರೆ ಶಿಲೀಂಧ್ರ ಸೊಕ್ಕಿ ಬೀಜವನ್ನೇ ತಿಂದುಹಾಕುತ್ತದೆ. ಉಣಿಸುವ ಸಂಬಂಧವೂ ಕಬಳಿಸುವ ಸಂಬಂಧವೂ ಇಷ್ಟು ಹತ್ತಿರವಿರುವುದರಿಂದ ಪುಡಿಯನ್ನು ತಕ್ಕಡಿಯಲ್ಲಿ ತೂಗುವುದು ಅನಿವಾರ್ಯ. ಡಾಕ್ಟಿಲೊರೈಜಾಗೆ ಬಿ1 ಎಂಬ ಶಿಲೀಂಧ್ರ ತಳಿ ಹೊಂದುತ್ತದೆ, ಮತ್ತು ಬ್ರಿಟನ್ನಿನ ಹಾರ್ಡಿ ಆರ್ಕಿಡ್ ಸೊಸೈಟಿಯ ಸದಸ್ಯರಿಗೆ ಬೀಜವೂ ಶಿಲೀಂಧ್ರವೂ ಅಲ್ಲಿಯೇ ಸಿಗುತ್ತವೆ. ಬಿತ್ತುವ ಮೊದಲು ಬೀಜವನ್ನು ಬ್ಲೀಚ್ ದ್ರಾವಣದಲ್ಲಿ ಶುದ್ಧಿ ಮಾಡಬೇಕು. ಅದಕ್ಕೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸೇರಿಸದಿದ್ದರೆ ಬೀಜ ನೆನೆಯದೆ ತೇಲುತ್ತಲೇ ಇರುತ್ತದೆ. ಎಷ್ಟು ಹೊತ್ತು ಎಂಬುದನ್ನು ಗಡಿಯಾರಕ್ಕಿಂತ ಬೀಜದ ಬಣ್ಣವೇ ಚೆನ್ನಾಗಿ ಹೇಳುತ್ತದೆ: ಕಂದು ಹೊದಿಕೆ ಮಾಸಲು ಬಿಳಿಗೆ ತಿರುಗುತ್ತಿದ್ದಂತೆ ತೆಗೆದು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯಬೇಕು. ಬಿತ್ತಿದ ತಟ್ಟೆಗೆ ಶಿಲೀಂಧ್ರದ ಚೂರೊಂದನ್ನು ಇಟ್ಟು ಕತ್ತಲೆಯಲ್ಲಿ, 20 ಡಿಗ್ರಿಯ ಆಸುಪಾಸಿನಲ್ಲಿ ಬಿಟ್ಟರೆ ಕೆಲವು ವಾರಗಳಲ್ಲಿ ಹೊದಿಕೆ ಸೀಳಿ ಬಿಳಿಯ ಮಣಿಗಳು ಹೊರಬರುತ್ತವೆ. ಒಂದೊಂದು ಮಣಿಯ ಸುತ್ತಲೂ ರೇಷ್ಮೆಯಷ್ಟು ನವಿರಾದ ರೋಮಗಳಿರುತ್ತವೆ. ಎಲೆಯ ಮೊನೆ ಕಂಡ ಮೇಲೆ ಬೆಳಕಿಗೆ ತಂದು, ಪುಟ್ಟ ಗೆಡ್ಡೆ ಕಟ್ಟಿದ ನಂತರ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ಇಟ್ಟು, ವಸಂತದಲ್ಲಿ ಕುಂಡಕ್ಕೆ ನೆಡುತ್ತೇನೆ. ತೋಟದ ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಇಷ್ಟೇ ಸಾಕು. ರಾಸಾಯನಿಕ ಗೊಬ್ಬರ ಬೇಡವೇ ಬೇಡ. ಇಲ್ಲಿಯೂ ನಷ್ಟವಿದೆ, ಸ್ಲಗ್ ಎಂಬ ಚಿಪ್ಪಿಲ್ಲದ ಬಸವನಹುಳು ಒಂದೇ ರಾತ್ರಿಯಲ್ಲಿ ಒಂದು ಕುಂಡವನ್ನು ಬರಿದು ಮಾಡಬಲ್ಲದು. ಆದರೂ ಶಿಲೀಂಧ್ರವನ್ನು ಬೇರಿನಲ್ಲಿಯೇ ಹೊತ್ತು ಬಂದ ಈ ಸಸಿಗಳ ಗೆಡ್ಡೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಗುವುದನ್ನು ನೋಡಿದವರಿಗೆ ಮೊದಲ ದಾರಿಗೆ ಮರಳುವ ಮನಸ್ಸು ಬರಲಾರದು.

ಮೂರನೆಯದಕ್ಕೆ ಬೇಕಿರುವುದು ನರ್ಸರಿಯಿಂದ ತಂದ ಆರೋಗ್ಯವಾದ ತಾಯಿಗಿಡ ಮತ್ತು ತಾಳ್ಮೆ. ಕಾಡಿನ ಗಿಡ ಕೀಳುವ ಯೋಚನೆ ಯಾರಿಗೂ ಬೇಡ. ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಕಾಡುಗಿಡವನ್ನು ಬೇರುಸಹಿತ ಕೀಳುವುದು ಇಲ್ಲಿ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ತಾಯಿಗಿಡದ ಸುತ್ತಲಿನ ಮಣ್ಣಿನಲ್ಲಿ ಶಿಲೀಂಧ್ರ ಈಗಾಗಲೇ ಇರುವ ಸಾಧ್ಯತೆ ಹೆಚ್ಚು, ಆದ್ದರಿಂದ ಆಗಸ್ಟ್‌ನಲ್ಲಿ ಹುಲ್ಲನ್ನು ಕೆರೆದು ಮಣ್ಣು ಕಾಣುವಂತೆ ಮಾಡಿ ಅಲ್ಲಿಯೇ ಬೀಜ ಉದುರಿಸುತ್ತೇನೆ. ಹುಲ್ಲಿನ ಬೇರನ್ನು ಹೀರಿ ಅದರ ಸೊಕ್ಕಡಗಿಸುವ ರೈನಾಂಥಸ್ ಮೈನರ್ ಎಂಬ ವಾರ್ಷಿಕ ಗಿಡವನ್ನೂ ಜೊತೆಗೆ ಬಿತ್ತಿದರೆ ಆರ್ಕಿಡ್ ಸಸಿಗೆ ಜಾಗ ಉಳಿಯುತ್ತದೆ. ಮೊಳೆಯುವುದು ಸಾವಿರಕ್ಕೊಂದೂ ಇಲ್ಲ, ಮೊದಲ ಎಲೆ ಕಾಣಲು ವರ್ಷಗಳೇ ಹಿಡಿಯುತ್ತವೆ. ಆದರೆ ಹಾಗೆ ತಾನಾಗಿ ಎದ್ದ ಗಿಡಗಳಷ್ಟು ಗಟ್ಟಿಯಾದ ಗಿಡ ನನ್ನ ತೋಟದಲ್ಲಿ ಬೇರೆ ಇಲ್ಲ. ತಾಯಿಗಿಡದ ಕುಂಡದೊಳಗೆ ಸುಕ್ಕುಗಟ್ಟಿದ ರಟ್ಟಿನ ಪಟ್ಟಿಗಳನ್ನು ನಿಲ್ಲಿಸಿ, ಅದರ ಏಣುಗಳ ನಡುವೆ ಬೀಜ ಉದುರಿಸುವುದು ಇದರದೇ ಇನ್ನೊಂದು ರೂಪ. ರಟ್ಟು ತೇವವನ್ನು ಹಿಡಿದಿಡುತ್ತದೆ, ಶಿಲೀಂಧ್ರ ಅದರ ಮೇಲೆ ಹಬ್ಬುತ್ತದೆ, ಬೀಜ ಮಳೆಗೆ ಕೊಚ್ಚಿಹೋಗುವುದಿಲ್ಲ.

ಅಗರ್ ಕೆಲಸವನ್ನು ಕಲಿಯಬೇಕೆನ್ನುವವರು ಪೂರ್ವ ಏಷ್ಯಾದ ಬ್ಲೆಟಿಲ್ಲಾ ಸ್ಟ್ರಿಯಾಟಾ ಎಂಬ ನೆಲದ ಆರ್ಕಿಡ್‌ನಿಂದ ಆರಂಭಿಸುವುದು ಒಳ್ಳೆಯದು. ಅದು ಶಿಲೀಂಧ್ರವಿಲ್ಲದೆ ಬೆಳಕಿನಲ್ಲಿಯೇ ಬೇಗ ಮೊಳೆತು ಹಸಿರಾಗುತ್ತದೆ. ಪಶ್ಚಿಮ ಘಟ್ಟದ ಹೆಬನೇರಿಯಾ ಎಂಬ ನೆಲದ ಆರ್ಕಿಡ್‌ಗಳನ್ನು ಬಲ್ಲ ಓದುಗರಿಗೆ ಒಂದು ಮಾತು: ಅವು ಮುಂಗಾರಿಗೆ ಎದ್ದು ಒಣಗಾಲದಲ್ಲಿ ಗೆಡ್ಡೆಯಾಗಿ ಮಲಗುವಂಥವು, ಆದ್ದರಿಂದ ಇಲ್ಲಿ ಹೇಳಿರುವ ಫ್ರಿಜ್‌ನ ಚಳಿಯ ಲೆಕ್ಕ ಅವಕ್ಕೆ ಅನ್ವಯಿಸದು.

ಮೂರರಲ್ಲಿ ಯಾವುದನ್ನೇ ಹಿಡಿದರೂ ಬೀಜ ಸಂಗ್ರಹದಲ್ಲಿ ಉದಾಸೀನ ಕೂಡದು. ಕಾಯಿ ಕಂದಾಗಿ, ಬದಿಯಲ್ಲಿ ಬಿರುಕು ಕಾಣುವ ಹೊತ್ತಿಗೆ, ಮಳೆಯಿಲ್ಲದ ದಿನ ನೋಡಿ ತೆನೆಯನ್ನು ಕಾಗದದ ಲಕೋಟೆಯೊಳಗೆ ಬಗ್ಗಿಸಿ ಕತ್ತರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೀಜ ಕೊಳೆಯುತ್ತದೆ. ಲಕೋಟೆಯಲ್ಲಿ ಕೆಲವು ದಿನ ಒಣಗಿಸಿ, ಸಿಲಿಕಾ ಜೆಲ್ ಜೊತೆ ಬಿಗಿಮುಚ್ಚಳದ ಸೀಸೆಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಅದು ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಒಂದೇ ತೆನೆಯ ಬೀಜದಲ್ಲಿ ಈ ವರ್ಷದ ತಟ್ಟೆಗಳಿಗೂ ತಾಯಿಗಿಡದ ಬುಡಕ್ಕೂ ಆಗಿ, ಮುಂದಿನ ವರ್ಷದ ಬಿತ್ತನೆಗೂ ಉಳಿಯುತ್ತದೆ.